ಗೋಲಿಂತ್ಸಿಯ ಮನೆಸಭೆ

ಡ್ಯಾನ್ಯೂಬ್ ದಂಡೆಯ ಮೇಲಿರುವ ಬಲ್ಗೇರಿಯಾದ ಬಂದರು ಪಟ್ಟಣ ಲೋಮ್. ಅದರ ಮಗ್ಗುಲಲ್ಲೇ ಗೋಲಿಂತ್ಸಿ ಎಂಬ ಹಳ್ಳಿಯಿತ್ತು; ಈಗ ಪಟ್ಟಣದೊಳಗೆ ಸೇರಿಹೋಗಿ ಮ್ಲಾದೆನೊವೊ ಎಂಬ ಬಡಾವಣೆಯಾಗಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೊರಟ ರೋಮಾ ಜನರ ಪ್ರಾಟೆಸ್ಟಂಟ್ ಸಭೆಗಳ ಇತಿಹಾಸದಲ್ಲಿ ಈ ಹಳ್ಳಿಗೆ ಮೊದಲ ಸಾಲಿನ ಜಾಗವಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಊರಿನ ರೋಮಾ ಒಬ್ಬನ ಕೈಗೆ ಹೊಸ ಒಡಂಬಡಿಕೆಯ ಪ್ರತಿಯೊಂದು ಸಿಕ್ಕಿತಂತೆ. ಕದ್ದದ್ದು ಎನ್ನುವವರಿದ್ದಾರೆ, ಕೊಂಡದ್ದು ಎನ್ನುವವರೂ ಇದ್ದಾರೆ. ಅವನಿಗೆ ಓದು ಬಾರದು. ಬಲ್ಲವರಿಂದ ಓದಿಸಿ ಕೇಳಿದ, ಕೇಳಲು ನೆರೆಯವರೂ ಬಂದು ಕೂತರು. ವಿವರ ಹೇಗೇ ಇರಲಿ, ಈ ನೆನಪಿನಲ್ಲಿ ಉಪದೇಶಕ್ಕೆಂದು ಹೊರಗಿನಿಂದ ಬಂದವರು ಯಾರೂ ಇಲ್ಲ. ಒಂದು ಮನೆ, ಒಂದು ಪುಸ್ತಕ, ಓದುವ ಒಂದು ದನಿ: ಇಷ್ಟೇ.

ಆ ಓದು ಅರ್ಥವಾದದ್ದಕ್ಕೂ ಕಾರಣವಿದೆ. ಆರ್ಥೊಡಾಕ್ಸ್ ಗುಡಿಗಳಲ್ಲಿ ಆರಾಧನೆ ನಡೆಯುತ್ತಿದ್ದದ್ದು ಚರ್ಚ್ ಸ್ಲಾವೊನಿಕ್ ಎಂಬ ಹಳೆಯ ಭಾಷೆಯಲ್ಲಿ. ಆದರೆ ಅಮೆರಿಕದ ಮಿಷನರಿಗಳಾದ ಎಲಾಯಸ್ ರಿಗ್ಸ್ ಮತ್ತು ಆಲ್ಬರ್ಟ್ ಲಾಂಗ್, ಬಲ್ಗೇರಿಯಾದ ಕವಿ ಪೆಟ್ಕೊ ಸ್ಲಾವೆಯ್ಕೊವ್ ಮೊದಲಾದವರು ಸೇರಿ ಸಿದ್ಧಪಡಿಸಿದ ಆಡುಮಾತಿನ ಬೈಬಲ್ 1871ರಲ್ಲೇ ಇಸ್ತಾಂಬುಲ್‌ನಲ್ಲಿ ಅಚ್ಚಾಗಿತ್ತು. ಸಂತೆಯಲ್ಲಿ ಬಲ್ಗೇರಿಯನ್ ಆಡುತ್ತಿದ್ದ ರೋಮಾ ಜನರಿಗೆ ಅದು ಕಿವಿಗೆ ಬಿದ್ದೊಡನೆ ತಿಳಿಯುವ ಮಾತು.

ಕಾಲ ಮಾತ್ರ ಅವರ ಪಾಲಿಗೆ ಕಹಿಯಾಗಿತ್ತು. 1901ರ ಚುನಾವಣಾ ಕಾನೂನು ಮುಸ್ಲಿಂ ರೋಮಾಗಳ ಮತ್ತು ಅಲೆಮಾರಿಗಳ ಮತದ ಹಕ್ಕನ್ನು ಕಿತ್ತುಕೊಂಡಿತು. ಅದನ್ನು ಪ್ರತಿಭಟಿಸಲು 1905ರಲ್ಲಿ ಸೋಫಿಯಾದಲ್ಲಿ ರೋಮಾ ಸಮಾವೇಶವೇ ನಡೆಯಿತು. ರಾಜ್ಯ ಇವರನ್ನು ಅಂಚಿಗೆ ತಳ್ಳುತ್ತಿದ್ದ ಅದೇ ವರ್ಷಗಳಲ್ಲಿ ಗೋಲಿಂತ್ಸಿಯ ಜನ ತಮ್ಮದೇ ಕೂಟ ಕಟ್ಟಿಕೊಂಡರು.

ಆ ಕೂಟವನ್ನು ಸಭೆಯಾಗಿ ಬೆಳೆಸಿದವನು ಪೆಟರ್ ಪುಂಚೆವ್, ತಾನೂ ರೋಮಾ. ಬ್ಯಾಪ್ಟಿಸ್ಟ್ ವಿಶ್ವಾಸಕ್ಕೆ ಬಂದು ತನ್ನ ಜನರ ನಡುವೆ ಬೋಧಿಸಿದ. 1921ರಲ್ಲಿ ಸಭೆ ವಿಧಿವತ್ತಾಗಿ ಸ್ಥಾಪನೆಯಾಯಿತು. 1924ರಲ್ಲಿ ಅವನು ತೀರಿಕೊಂಡ. ತನ್ನ ದುಡಿಮೆಗೆ ಮನ್ನಣೆ ಸಿಕ್ಕ ಮೇಲೆ ಅವನಿಗೆ ಉಳಿದದ್ದು ಮೂರೇ ವರ್ಷ. ಆದರೂ ಕೆಲಸ ನಿಲ್ಲಲಿಲ್ಲ. 1927ರಲ್ಲಿ ಲೋಮ್‌ನಿಂದ 'ಸ್ವೆತಿಲ್ನಿಕ್' ಎಂಬ ಪತ್ರಿಕೆ ಹೊರಬಂತು. ರೋಮಾನಿ ಭಾಷೆಯಲ್ಲಿ ಮತ್ತಾಯನ ಸುವಾರ್ತೆ 1932ರಲ್ಲಿ, ಯೋಹಾನನದು 1937ರಲ್ಲಿ ಪ್ರಕಟವಾದವು. ಅದಕ್ಕೂ ಮೊದಲು, 1912ರಲ್ಲಿ, ಬಲ್ಗೇರಿಯಾದಲ್ಲಿ ಬ್ರಿಟಿಷ್ ರಾಯಭಾರ ಸೇವೆಯಲ್ಲಿದ್ದ ಬರ್ನಾರ್ಡ್ ಗಿಲಿಯಟ್-ಸ್ಮಿತ್ ಲೂಕನ ಸುವಾರ್ತೆಯನ್ನು ರೋಮಾನಿಗೆ ತಂದಿದ್ದ. ಅದನ್ನು ಹೊರತಂದದ್ದು ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕೈಗೊಂಡ ಕನ್ನಡ ಬೈಬಲ್ ಕೆಲಸಕ್ಕೂ ಬೆಂಬಲ ಕೊಟ್ಟ ಸಂಸ್ಥೆ ಅದು. ಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ಜಾಗವಿಲ್ಲದ ತಮ್ಮ ಮನೆಮಾತನ್ನು ಅಚ್ಚಿನಲ್ಲಿ ಕಾಣುವುದು ರೋಮಾ ಜನರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಆಡಳಿತ ಬಂತು. 1949ರಲ್ಲಿ ಹದಿನೈದು ಮಂದಿ ಪ್ರಾಟೆಸ್ಟಂಟ್ ಸಭಾಪಾಲಕರ ಮೇಲೆ ಸೋಫಿಯಾದಲ್ಲಿ ಗೂಢಚರ್ಯೆಯ ಆರೋಪ ಹೊರಿಸಿ ವಿಚಾರಣೆ ನಡೆಸಲಾಯಿತು. ಕೆಲವರಿಗೆ ಜೀವಾವಧಿ ಶಿಕ್ಷೆಯಾಯಿತು. 1958ರಲ್ಲಿ ಸರ್ಕಾರ ಅಲೆಮಾರಿ ಬದುಕನ್ನೇ ನಿಷೇಧಿಸಿತು. ಇಂಥ ದಿನಗಳಲ್ಲಿ ಪ್ರಾರ್ಥನೆ ಮತ್ತೆ ಮನೆಗಳಿಗೇ ಮರಳಬೇಕಾಯಿತು.

ಅತ್ತ ಫ್ರಾನ್ಸ್‌ನಲ್ಲಿ ಇನ್ನೊಂದು ಧಾರೆ ಹುಟ್ಟಿತ್ತು. ಬ್ರಿಟನಿ ಪ್ರಾಂತ್ಯದ ಪೆಂಟೆಕೋಸ್ಟಲ್ ಸಭಾಪಾಲಕ ಕ್ಲೆಮಾ ಲ ಕೊಸೆಕ್ 1950ರ ದಶಕದ ಆರಂಭದಿಂದ ಗಾಡಿಗಳಲ್ಲಿ ಬದುಕುವ ರೋಮಾ ಕುಟುಂಬಗಳ ನಡುವೆ ಕೆಲಸ ಮಾಡಿದ. ಅವನು ರೋಮಾ ಅಲ್ಲ. ಆದರೆ ರೋಮಾಗಳನ್ನೇ ಬೋಧಕರನ್ನಾಗಿ ತಯಾರು ಮಾಡಿದ. ಆ ಚಳವಳಿ ದೇಶದಿಂದ ದೇಶಕ್ಕೆ ಹಬ್ಬಲು ಮುಖ್ಯ ಕಾರಣ ಇದೇ.

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿಯಿತು. ಸರ್ಕಾರಿ ಕಾರ್ಖಾನೆ, ಸಾಮೂಹಿಕ ಬೇಸಾಯ ಮುರಿದುಬಿದ್ದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ರೋಮಾಗಳಿದ್ದರು. ಬಲ್ಗೇರಿಯಾದ ರೋಮಾ ಮೊಹಲ್ಲಾಗಳಲ್ಲಿ ಪೆಂಟೆಕೋಸ್ಟಲ್ ಮನೆಕೂಟಗಳು ಒಂದರ ಹಿಂದೊಂದು ಹುಟ್ಟಿಕೊಂಡದ್ದು ಆ ಕಷ್ಟದ ವರ್ಷಗಳಲ್ಲೇ. ಅವುಗಳಲ್ಲಿ ಅನೇಕವನ್ನು ನಡೆಸುವವರು ಅದೇ ಕೇರಿಯವರು. ಹಾಡುಗಳು ಕೆಲವೆಡೆ ರೋಮಾನಿಯಲ್ಲಿ, ಕೆಲವೆಡೆ ತುರ್ಕಿಯಲ್ಲಿ, ಉಳಿದೆಡೆ ಬಲ್ಗೇರಿಯನ್‌ನಲ್ಲಿ.