ಗೆದ್ದಲಿನ ಆಹಾರಾನ್ವೇಷಣೆ ಮತ್ತು ರಕ್ಷಣಾ ವರ್ತನೆ: ಉಡುತಡಿ ಭಾಗದ ರೈತರಿಗೆ ಮಾಹಿತಿ

ಶಿಕಾರಿಪುರ ತಾಲ್ಲೂಕಿನ ಉಡುತಡಿ ಹಾಗೂ ನೆರೆಯ ಸೊರಬ ತಾಲ್ಲೂಕಿನ ಹಳ್ಳಿಗಳು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಪ್ರದೇಶದಲ್ಲಿವೆ. ಕುರುಚಲು ಕಾಡು, ಗೋಮಾಳ, ಮೆಕ್ಕೆಜೋಳದ ಹೊಲ, ಭತ್ತದ ಗದ್ದೆ, ಅಡಿಕೆ ತೋಟ ಇಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಆದ್ದರಿಂದ ಕಾಡಂಚಿನ ಗೆದ್ದಲು (ಒರಲೆ) ಹೊಲಕ್ಕೆ ಬರುವುದು ಸಹಜ. ತೆನೆ ಬಲಿಯುವ ಹೊತ್ತಿಗೆ ಮೆಕ್ಕೆಜೋಳದ ಗಿಡಗಳು ಬುಡ ಕಳಚಿ ಉರುಳಿದಾಗ ಅನೇಕ ರೈತರು ಮೊದಲು ಬದುವಿನ ಹುತ್ತವನ್ನು ಒಡೆಯುತ್ತಾರೆ. ಈ ಶ್ರಮ ಬಹುಪಾಲು ವ್ಯರ್ಥ. ಕಾರಣವು ಗೆದ್ದಲಿನ ವರ್ತನೆಯಲ್ಲಿಯೇ ಇದೆ.

ಆಹಾರಾನ್ವೇಷಣೆ

ಗೆದ್ದಲನ್ನು ಬಿಳಿ ಇರುವೆ ಎನ್ನುವುದುಂಟು. ವಾಸ್ತವವಾಗಿ ಅದು ಜಿರಲೆಯ ಬಂಧು. ಎತ್ತರದ, ಏಣುಗಳುಳ್ಳ ಹುತ್ತಗಳನ್ನು ಕಟ್ಟುವ ಓಡೊಂಟೊಟರ್ಮಿಸ್ ಒಬೆಸಸ್ ಪ್ರಭೇದವು ನಮ್ಮ ರಾಜ್ಯದಲ್ಲಿ ವ್ಯಾಪಕವಾಗಿದೆ. ಇದರ ಮುಖ್ಯ ಆಹಾರ ಒಣಗಿದ ಸಸ್ಯಭಾಗಗಳು: ಸತ್ತ ತೊಗಟೆ, ತರಗೆಲೆ, ಕೂಳೆ, ಒಣ ಸಗಣಿ. ಕೆಲಸಗಾರ ಹುಳುಗಳ ಮೈ ಮೃದುವಾದುದರಿಂದ ಬಿಸಿಲು ಗಾಳಿಗೆ ಬೇಗ ಒಣಗಿ ಸಾಯುತ್ತವೆ. ಹೀಗಾಗಿ ಅವು ನೆಲದೊಳಗಿನ ಸುರಂಗಗಳಲ್ಲಿ ಸಾಗುತ್ತವೆ. ಮೇಲೆ ಬರಬೇಕಾದಾಗ ಮಣ್ಣು ಮತ್ತು ಜೊಲ್ಲು ಬೆರೆಸಿ ಹೊದಿಕೆ ಕಟ್ಟಿಕೊಂಡು ಅದರಡಿ ಮೇಯುತ್ತವೆ. ಮಳೆಗಾಲ ಮುಗಿದು ಭೂಮಿ ಆರತೊಡಗಿದಾಗ ಈ ಮಣ್ಣಿನ ಹೊದಿಕೆಗಳು ಹೆಚ್ಚಾಗಿ ಕಾಣುತ್ತವೆ. ಸುರಂಗಗಳು ಹುತ್ತದಿಂದ ಹತ್ತಾರು ಮೀಟರ್ ಹಬ್ಬಿರುತ್ತವೆ. ನಿಮ್ಮ ಹೊಲಕ್ಕೆ ಬಂದ ಗೆದ್ದಲು ನಿಮ್ಮ ಬದುವಿನ ಹುತ್ತದ್ದೇ ಆಗಿರಬೇಕೆಂದಿಲ್ಲ.

ತಂದ ಆಹಾರವನ್ನು ಅವು ನೇರವಾಗಿ ಜೀರ್ಣಿಸಿಕೊಳ್ಳಲಾರವು. ಅರೆಜೀರ್ಣವಾದ ಮಲದಿಂದ ಜೇನುತಟ್ಟಿಯಂತಹ ರಂಧ್ರಮಯ ರಚನೆಯನ್ನು ಮಾಡಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತವೆ. ಮರದ ಗಟ್ಟಿ ನಾರನ್ನು ಒಡೆಯುವ ಕೆಲಸ ಈ ಶಿಲೀಂಧ್ರದ್ದು. ಒಂದರ್ಥದಲ್ಲಿ ಗೆದ್ದಲೂ ಬೇಸಾಯಗಾರನೇ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಅದರ ತೋಟದ್ದು.

ಹುಲ್ಲುಗಾವಲಿನಲ್ಲಿರುವ ಟ್ರೈನರ್ವಿಟರ್ಮಿಸ್ ಜಾತಿಯ ಕ್ರಮ ಬೇರೆ. ಅದು ಹೊದಿಕೆಯಿಲ್ಲದೆ ರಾತ್ರಿ ಹೊರಬಂದು ಒಣಹುಲ್ಲನ್ನು ತುಂಡರಿಸಿ ಒಯ್ಯುತ್ತದೆ.

ರಕ್ಷಣೆ

ಹುತ್ತದ ಒಂದು ಬದಿ ಒಡೆದರೆ ಮೊದಲು ಕೆಲಸಗಾರ ಹುಳುಗಳು ಒಳಸರಿಯುತ್ತವೆ. ದೊಡ್ಡ ತಲೆಯ, ಕತ್ತಿಯಂತಹ ದವಡೆಯ ಸೈನಿಕ ಹುಳುಗಳು ಒಡಕಿನ ಅಂಚಿನಲ್ಲಿ ಸಾಲುಗಟ್ಟುತ್ತವೆ. ಅವು ತಲೆಯನ್ನು ನೆಲಕ್ಕೆ ಬಡಿಯುತ್ತವೆ. ಆ ಕಂಪನವೇ ಗೂಡಿಗೆ ಅಪಾಯದ ಸೂಚನೆ. ಕಚ್ಚಿ ಹಿಡಿದಾಗ ಬಾಯಿಯಿಂದ ಕಂದು ಬಣ್ಣದ ದ್ರವ ಸುರಿಸುತ್ತವೆ. ಈ ಸೈನಿಕರು ತಾವಾಗಿ ತಿನ್ನಲಾರವು, ಕೆಲಸಗಾರರೇ ಉಣಿಸಬೇಕು. ಟ್ರೈನರ್ವಿಟರ್ಮಿಸ್‌ನ ಸೈನಿಕನಿಗೆ ಕಚ್ಚುವ ದವಡೆಯ ಬದಲು ಮೂತಿಯಿದ್ದು, ಅಲ್ಲಿಂದ ಅಂಟು ದ್ರವವನ್ನು ಚಿಮ್ಮಿಸುತ್ತದೆ. ಮುಖ್ಯ ವೈರಿ ಇರುವೆ. ಲೆಪ್ಟೊಜೆನಿಸ್ ಜಾತಿಯ ಕರಿ ಇರುವೆಗಳು ಸಾಲುಸಾಲಾಗಿ ಬಂದು ಗೆದ್ದಲನ್ನು ಹೊತ್ತೊಯ್ಯುವುದನ್ನು ನೀವೂ ಕಂಡಿರಬಹುದು.

ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ ಹುಳುಗಳು ಮರಳಿ, ಒದ್ದೆ ಮಣ್ಣಿನ ಉಂಡೆಗಳನ್ನಿಟ್ಟು ಒಡಕನ್ನು ಮುಚ್ಚತೊಡಗುತ್ತವೆ. ಹೀಗೆ ಕಟ್ಟಿದ ಗೋಡೆ ಸುತ್ತಲಿನ ಮಣ್ಣಿಗಿಂತ ಬಹಳ ಗಟ್ಟಿ. ರಾಜ ರಾಣಿಯರ ಕೋಣೆ ಹುತ್ತದ ತುದಿಯಲ್ಲಿರದೆ ಬುಡದಲ್ಲಿ ಆಳಕ್ಕಿರುವುದರಿಂದ ಮೇಲ್ಭಾಗ ಕೆಡವಿದರೆ ಗೂಡು ನಾಶವಾಗದು.

ರೋಗದ ವಿರುದ್ಧವೂ ರಕ್ಷಣೆಯಿದೆ. ಹುಳುಗಳು ಪರಸ್ಪರ ಮೈ ನೆಕ್ಕಿ ಶಿಲೀಂಧ್ರದ ಬೀಜಾಣುಗಳನ್ನು ತೆಗೆಯುತ್ತವೆ, ಸತ್ತವನ್ನು ಮಣ್ಣಿನಿಂದ ಮುಚ್ಚುತ್ತವೆ. ಮೆಟಾರೈಜಿಯಂನಂತಹ ಜೈವಿಕ ಕೀಟನಾಶಕ ಪ್ರಯೋಗಶಾಲೆಯಲ್ಲಿ ಕೊಡುವಷ್ಟು ಫಲವನ್ನು ಹೊಲದಲ್ಲಿ ಕೊಡದಿರುವುದಕ್ಕೆ ಇದೊಂದು ಕಾರಣ. ಹುತ್ತದ ಮೇಲೆ ಪುಡಿ ಉದುರಿಸಿ ನಿಶ್ಚಿಂತರಾಗಬಾರದು.

ಹೊಲ, ತೋಟದಲ್ಲಿ ಅನುಸರಿಸಬೇಕಾದುದು

ಗೆದ್ದಲು ಬಾಡಿದ, ಗಾಯಗೊಂಡ ಅಥವಾ ಬಲಿತು ಒಣಗುತ್ತಿರುವ ಗಿಡಗಳಿಗೆ ಹೆಚ್ಚು ತಗಲುತ್ತದೆ. ಮೆಕ್ಕೆಜೋಳದಲ್ಲಿ ತೇವಾಂಶದ ಕೊರತೆಯಾಗದಂತೆ ನೋಡಿಕೊಳ್ಳುವುದು, ಬಲಿತ ಕೂಡಲೇ ಕಟಾವು ಮಾಡುವುದು ಎಲ್ಲಕ್ಕಿಂತ ಮುಖ್ಯ. ನೆಲಕ್ಕೊರಗಿದ ಗಿಡದ ತೆನೆಯನ್ನು ಅಂದೇ ಮುರಿದುಕೊಳ್ಳಿರಿ. ಮಣ್ಣು ತಾಗಿದ ತೆನೆಗೆ ಹೊದಿಕೆ ಕಟ್ಟಿ ಕಾಳಿಗೂ ಹಾನಿ ಮಾಡುತ್ತವೆ. ತೆನೆಗಳನ್ನು ಬರಿನೆಲದಲ್ಲಿ ರಾಶಿ ಹಾಕದೆ ಅಟ್ಟಣೆಯ ಮೇಲಿಡಬೇಕು. ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರ ಗೆದ್ದಲನ್ನು ಕರೆಯುತ್ತದೆ. ಹೊಸದಾಗಿ ನೆಟ್ಟ ಸಸಿಗಳ ಗುಂಡಿಗೆ ಅದನ್ನು ಹಾಕಕೂಡದು.

ಮಾವು, ಸಾಗುವಾನಿ ಮರಗಳ ಕಾಂಡಕ್ಕೆ ಮಣ್ಣಿನ ಹೊದಿಕೆ ಕಂಡೊಡನೆ ಔಷಧಿ ಸಿಂಪಡಿಸುವ ರೂಢಿಯಿದೆ. ಹೊದಿಕೆಯನ್ನು ಕೆರೆದು ನೋಡಿರಿ. ಒಳತೊಗಟೆ ಹಸಿಯಾಗಿ ಇಡಿಯಾಗಿದ್ದರೆ ಗೆದ್ದಲು ತಿಂದಿರುವುದು ಹೊರಗಿನ ಸತ್ತ ತೊಗಟೆಯನ್ನು ಮಾತ್ರ. ಸಿಂಪಡಣೆಯ ಖರ್ಚು ಬೇಕಿಲ್ಲ.

ಗೋಮಾಳ, ಕಾಡಂಚಿನ ಹುತ್ತಗಳನ್ನು ಬಿಟ್ಟುಬಿಡುವುದು ಲೇಸು. ನಾಗರ ಪಂಚಮಿಗೆ ಹಾಲೆರೆಯುವ ಹುತ್ತವನ್ನು ಒಡೆಯಬಾರದೆಂಬ ಹಿರಿಯರ ಕಟ್ಟಳೆ ಮಣ್ಣಿಗೂ ಹಿತವೇ: ಗೆದ್ದಲಿನ ಸುರಂಗಗಳಿಂದ ನೀರು ಇಂಗುತ್ತದೆ, ತರಗು ಮಣ್ಣಿಗೆ ಸೇರುತ್ತದೆ. ಬೆಳೆಯ ನಡುವೆಯೇ ಹುತ್ತವಿದ್ದು ಪ್ರತಿವರ್ಷ ಹಾನಿಯಾಗುತ್ತಿದ್ದರೆ ಮಾತ್ರ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ಕೇಳಿ, ಗೆದ್ದಲಿಗೆಂದು ಲೇಬಲ್‌ನಲ್ಲಿ ನಮೂದಿಸಿರುವ ಕೀಟನಾಶಕವನ್ನು ಅಲ್ಲಿ ಸೂಚಿಸಿದ ಪ್ರಮಾಣದಲ್ಲೇ ಹುತ್ತದ ಒಳಕ್ಕೆ ಸುರಿಯಬೇಕು. ಹೊರಗೋಡೆ ತೋಯಿಸಿದರೆ ಪ್ರಯೋಜನವಿಲ್ಲ. ಹಾಗೆ ಉಪಚರಿಸಿದ ಹುತ್ತದ ಸುತ್ತ ಏಳುವ ಅಣಬೆಯನ್ನು ತಿನ್ನಕೂಡದು. ಅಣಬೆ ಆರಿಸಲು ಬರುವ ನೆರೆಹೊರೆಯವರಿಗೂ ತಿಳಿಸಿ, ಅಲ್ಲಿ ಗುರುತಿನ ಕೋಲು ನೆಡಿರಿ.