ಹರೆಯದ ನಿದ್ದೆಗೂ ಒಂದು ಚರಿತ್ರೆಯಿದೆ

ರಾತ್ರಿ ಮಲಗು ಎಂದರೆ ಮಲಗುವುದಿಲ್ಲ, ಬೆಳಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ಮೈ ಬಗ್ಗಿಸಿ ಆಡುವುದಂತೂ ದೂರದ ಮಾತು. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ದಿನವೂ ಕೇಳಿಬರುವ ದೂರು ಇದು. ತಪ್ಪೆಲ್ಲ ಮಕ್ಕಳದು, ಅವರ ಕೈಯಲ್ಲಿರುವ ಮೊಬೈಲಿನದು ಎಂದು ತೀರ್ಪು ಕೊಟ್ಟು ನಾವು ಸುಮ್ಮನಾಗುತ್ತೇವೆ. ಆದರೆ ಮಕ್ಕಳು ಎಷ್ಟು ಹೊತ್ತು ಮಲಗಬೇಕು, ಎಷ್ಟು ಹೊತ್ತು ಆಡಬೇಕು ಎಂಬುದನ್ನು ಮಕ್ಕಳೇ ನಿರ್ಧರಿಸಿದ್ದು ಚರಿತ್ರೆಯಲ್ಲಿ ಬಹಳ ಕಡಿಮೆ. ಅದನ್ನು ಆಯಾ ಕಾಲದ ಸಮಾಜ ನಿರ್ಧರಿಸಿದೆ.

ಮೈಸೂರಿನ ಗರಡಿ ಮನೆಗಳನ್ನೇ ನೋಡಿ. ಹಿಂದೂ ಮುಸ್ಲಿಮರೆನ್ನದೆ ಹುಡುಗರು ಅಲ್ಲಿ ಉಸ್ತಾದರ ಕೈಕೆಳಗೆ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದರು. ನಸುಕಿನಲ್ಲೇ ಸಾಮು ಮಾಡಬೇಕಾದವನು ರಾತ್ರಿ ಬೇಗ ಮಲಗಲೇಬೇಕಿತ್ತು. ವ್ಯಾಯಾಮ, ಊಟ, ನಿದ್ದೆ ಮೂರೂ ಒಂದೇ ಶಿಸ್ತಿನ ಭಾಗವಾಗಿದ್ದವು.

ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವಂತಿಲ್ಲ. ಗರಡಿಯ ಬಾಗಿಲು ಹುಡುಗಿಯರಿಗೆ ತೆರೆದಿರಲಿಲ್ಲ. ಬಡವರ ಮಕ್ಕಳ ಮೈದಣಿವು ಆಟದಿಂದಲ್ಲ, ದುಡಿಮೆಯಿಂದ ಬರುತ್ತಿತ್ತು. ಬ್ರಿಟಿಷ್ ಇಂಡಿಯಾದ 1881ರ ಕಾರ್ಖಾನೆ ಕಾಯ್ದೆ ದೊಡ್ಡ ಕಾರ್ಖಾನೆಗಳಲ್ಲಿ 7ರಿಂದ 12 ವರ್ಷದ ಮಕ್ಕಳ ದುಡಿಮೆಗೆ ವಿಧಿಸಿದ ಮಿತಿಯೇ ದಿನಕ್ಕೆ 9 ಗಂಟೆ! 1891ರಲ್ಲಿ ಕನಿಷ್ಠ ವಯಸ್ಸು 9ಕ್ಕೇರಿತು, 14ರೊಳಗಿನವರ ದುಡಿಮೆ 7 ಗಂಟೆಗೆ ಇಳಿಯಿತು. ಮಕ್ಕಳಿಗೆ ಸಿಕ್ಕ ವಿಶ್ರಾಂತಿ ಯಾರೋ ದಯಪಾಲಿಸಿದ್ದಲ್ಲ, ಕಾನೂನಿನ ಮೂಲಕ ತುಸುತುಸುವೇ ಪಡೆದದ್ದು.

ಈ ನಡುವೆ ರಾತ್ರಿಯೇ ಬದಲಾಗತೊಡಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಬೆಳಕು ಓದಿಗೆ ಅನುಕೂಲವಾಯಿತು, ದಾರಿಯ ಭಯವನ್ನು ಕಡಿಮೆ ಮಾಡಿತು. ಜೊತೆಗೆ ದಿನವನ್ನೂ ಉದ್ದ ಮಾಡಿತು. ರೇಡಿಯೋ, ಟಿವಿ, ಮೊಬೈಲ್ ಬಂದದ್ದು ಆ ಬಳಿಕ.

ಹರೆಯದವರ ನಿದ್ದೆಯ ಬಗ್ಗೆ ವಿಜ್ಞಾನ ಕಣ್ಣು ತೆರೆದದ್ದು ತಡವಾಗಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1976ರಿಂದ ಮೇರಿ ಕಾರ್ಸ್ಕಡಾನ್ ಮತ್ತು ಸಂಗಡಿಗರು ಪ್ರತಿ ಬೇಸಿಗೆಯಲ್ಲೂ ಮಕ್ಕಳ ನಿದ್ರಾ ಶಿಬಿರ ನಡೆಸಿದರು. ವಯಸ್ಸು ಏರಿದಂತೆ ನಿದ್ದೆಯ ಅಗತ್ಯ ಇಳಿಯುತ್ತದೆಂಬುದು ಅವರ ನಿರೀಕ್ಷೆ. ಫಲಿತಾಂಶ ಬೇರೆಯೇ ಆಗಿತ್ತು. ಹರೆಯಕ್ಕೆ ಕಾಲಿಟ್ಟ ಮಕ್ಕಳೂ ಅವಕಾಶ ಸಿಕ್ಕಾಗ ಸುಮಾರು 9 ಗಂಟೆ ಮಲಗಿದರು. ಅಷ್ಟು ಮಲಗಿಯೂ ಅವರಿಗೆ ಹಗಲಿನಲ್ಲಿ ತೂಕಡಿಕೆ ಹೆಚ್ಚಿತ್ತು. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ತಡವಾಗಿ ಸ್ರವಿಸುತ್ತದೆಂದು ಮುಂದಿನ ಅಧ್ಯಯನಗಳು ತಿಳಿಸಿದವು. ದೇಹದ ಗಡಿಯಾರವೇ ಎರಡು ಗಂಟೆಯವರೆಗೂ ಹಿಂದೆ ಸರಿಯಬಹುದು. ರಾತ್ರಿಯ ಕೃತಕ ಬೆಳಕು ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ನಾವು ಸೋಮಾರಿತನ ಎಂದು ಗದರಿದ್ದರಲ್ಲಿ ಒಂದು ಪಾಲು ಪ್ರಾಯದ ಸಹಜ ಗುಣ.

ಇದನ್ನು ತಿಳಿದ ಮೇಲೆ ಕೆಲವು ಊರುಗಳು ಗಂಟೆ ಬದಲಿಸಿದವು. ಮಿನೆಸೋಟ ರಾಜ್ಯದ ಎಡೈನಾ ಪಟ್ಟಣ 1996ರಲ್ಲಿ ಹೈಸ್ಕೂಲು ಆರಂಭವನ್ನು 7.20ರಿಂದ 8.30ಕ್ಕೆ ಮುಂದೂಡಿತು. ಮರುವರ್ಷ ಮಿನಿಯಾಪೊಲಿಸ್ ನಗರ 7.15ರಿಂದ 8.40ಕ್ಕೆ ಸರಿಯಿತು. ಬಸ್ಸುಗಳ ವೇಳೆ, ಸಂಜೆಯ ಕ್ರೀಡಾಭ್ಯಾಸ, ತಂದೆತಾಯಿಯರ ಕೆಲಸದ ಅವಧಿ ಎಂದು ಇಂಥ ಬದಲಾವಣೆಗೆ ಎಲ್ಲೆಡೆ ಆಕ್ಷೇಪಗಳು ಬಂದವು. ಆದರೂ 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಇದನ್ನೇ ಶಿಫಾರಸು ಮಾಡಿತು. 2019ರಲ್ಲಿ ಕ್ಯಾಲಿಫೋರ್ನಿಯ ಕಾನೂನನ್ನೇ ತಂದಿತು. 2022ರಿಂದ ಅಲ್ಲಿನ ಬಹುತೇಕ ಹೈಸ್ಕೂಲುಗಳು 8.30ಕ್ಕೆ ಮೊದಲು ತೆರೆಯುವಂತಿಲ್ಲ.

ನಮ್ಮಲ್ಲಿ? 2023ರಲ್ಲಿ ಬೆಂಗಳೂರಿನ ಶಾಲಾ ಸಮಯ ಬದಲಿಸುವ ಚರ್ಚೆ ನಡೆಯಿತು. ಚರ್ಚೆಗೆ ಕಾರಣ ವಾಹನ ದಟ್ಟಣೆ, ಮಕ್ಕಳ ನಿದ್ದೆಯಲ್ಲ. ಶಾಲೆ ಹತ್ತಕ್ಕೆ ತೆರೆಯುವ ಊರುಗಳಲ್ಲೂ ಅದಕ್ಕೆ ಮೊದಲು ಟ್ಯೂಷನ್ನು, ಸಂಜೆ ಕೋಚಿಂಗು. ಉಳಿದ ಓದು ರಾತ್ರಿಗೆ. ನಿದ್ದೆ ಮತ್ತು ಆಟ ಎರಡನ್ನೂ ಒಂದೇ ವೇಳಾಪಟ್ಟಿ ತಿಂದುಹಾಕುತ್ತದೆ.

ಆಟದ ಲೆಕ್ಕವೂ ಸಮಾಧಾನಕರವಾಗಿಲ್ಲ. ಹದಿಹರೆಯದವರಿಗೆ ದಿನಕ್ಕೆ 60 ನಿಮಿಷ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರವರೆಗಿನ ಮಾಹಿತಿ ಆಧರಿಸಿ ಅದರ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ 11ರಿಂದ 17 ವರ್ಷದ ಶಾಲಾಮಕ್ಕಳಲ್ಲಿ ಶೇ. 81ರಷ್ಟು ಮಂದಿಗೆ ಅಷ್ಟೂ ಇಲ್ಲ. ಹುಡುಗರಲ್ಲಿ ಇದು ಶೇ. 78, ಹುಡುಗಿಯರಲ್ಲಿ ಶೇ. 85. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಬೇಕೆಂದು ಹೇಳುತ್ತದೆ. ಆದರೆ ಪರೀಕ್ಷೆ ಹತ್ತಿರವಾದಾಗ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಮೈನೆರೆದ ಹುಡುಗಿಗೆ 'ಇನ್ನು ಆಟ ಸಾಕು' ಎನ್ನುವ ಮಾತು ಎಲ್ಲ ಸಮುದಾಯಗಳಲ್ಲೂ ಇದೆ. ಗರಡಿಯ ಮುಚ್ಚಿದ ಬಾಗಿಲು ಅವಳ ಪಾಲಿಗೆ ಇನ್ನೂ ಪೂರ್ತಿ ತೆರೆದಿಲ್ಲ.

ಮಕ್ಕಳ ಕೈಯಿಂದ ರಾತ್ರಿ ಮೊಬೈಲು ತೆಗೆದಿಡುವುದು ಒಳ್ಳೆಯದೇ. ಆದರೆ ಅಷ್ಟಕ್ಕೇ ಹೊಣೆ ಮುಗಿಯಿತೆಂದುಕೊಂಡರೆ ಚರಿತ್ರೆಯಿಂದ ನಾವೇನೂ ಕಲಿಯಲಿಲ್ಲ ಎಂದಾಗುತ್ತದೆ. ಕಾರ್ಖಾನೆಯ ಮಗುವಿಗೆ ವಿಶ್ರಾಂತಿ ಕೊಡಲು ಹಿರಿಯರು ಗಂಟೆಗಳನ್ನು ತಿದ್ದಬೇಕಾಯಿತು. ಇಂದು ತಿದ್ದಬೇಕಾಗಿರುವುದು ಶಾಲೆ ಮತ್ತು ಟ್ಯೂಷನ್ನಿನ ಗಂಟೆಗಳನ್ನು. ಅವು ಮಕ್ಕಳ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿವೆ.