ಗಣಿಯ ತಳದಲ್ಲಿ ಸಿಕ್ಕ ಕಣ, ಗಣಿ ತೋಡಿದ ಕೈ

ಭೌತವಿಜ್ಞಾನದ ಚರಿತ್ರೆ ಅಂತ ನಮ್ಮ ಶಾಲೆಗಳಲ್ಲಿ ಕಲಿಸುವುದು ತಲೆಗಳ ಚರಿತ್ರೆಯನ್ನು. ನ್ಯೂಟನ್ನನ ತಲೆ, ಐನ್‌ಸ್ಟೈನನ ತಲೆ, ನಮ್ಮ ದೇಶಕ್ಕೆ ಬಂದರೆ ರಾಮನ್ನರ ತಲೆ. ಇವು ದೊಡ್ಡ ತಲೆಗಳು ಎಂಬುದರಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರು ಬೇರೆ. ತಲೆ ಇದ್ದ ಕಡೆ ಕೈಯೂ ಇರಬೇಕಲ್ಲ, ಆ ಕೈ ಯಾರದು? ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿಗೋ ಜರ್ಮನಿಗೋ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ ಇಳಿದರೆ ಸಾಕು.

1965ರಲ್ಲಿ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಆಕಾಶದಲ್ಲಿ ಹುಟ್ಟಿದ ಒಂದು ಕಣದ ಗುರುತು ಸಿಕ್ಕಿತು. ಅದರ ಹೆಸರು ನ್ಯೂಟ್ರಿನೊ. ಆಕಾಶದ್ದನ್ನು ಪಾತಾಳದಲ್ಲಿ ಹುಡುಕುವುದೇ? ಕೇಳಿದರೆ ನಗು ಬರುತ್ತದೆ. ಆದರೆ ಅದರ ಹಿಂದಿನ ತರ್ಕ ಸರಳವಾದದ್ದು.

1930ರಲ್ಲಿ ಪೌಲಿ ಎಂಬ ವಿಜ್ಞಾನಿಗೆ ಒಂದು ಲೆಕ್ಕ ಸರಿಹೋಗಲಿಲ್ಲ. ಕೆಲವು ಪರಮಾಣುಗಳು ಎಲೆಕ್ಟ್ರಾನನ್ನು ಹೊರಗೆ ಉಗುಳುವಾಗ ಸ್ವಲ್ಪ ಶಕ್ತಿ ಕಾಣೆಯಾಗುತ್ತಿತ್ತು. ಕಣ್ಣಿಗೆ ಬೀಳದ, ವಿದ್ಯುತ್ತಿನ ಗುಣವಿಲ್ಲದ ಕಣವೊಂದು ಅದನ್ನು ಹೊತ್ತೊಯ್ಯುತ್ತಿರಬೇಕು ಎಂದು ಆತ ಊಹಿಸಿದ. ಆ ಕಣ ಎಂಥದೆಂದರೆ ಭೂಮಿಯನ್ನೇ ಈ ಕಡೆಯಿಂದ ಆ ಕಡೆಗೆ ತೂರಿಕೊಂಡು ಹೋಗುತ್ತದೆ, ಎಲ್ಲೋ ಕೋಟಿಯಲ್ಲೊಂದು ತಾಗಿ ನಿಲ್ಲುತ್ತದೆ. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಅಣುಸ್ಥಾವರದ ಪಕ್ಕದಲ್ಲಿ ಅದನ್ನು ಪತ್ತೆ ಮಾಡಿದರು. ಆದರೆ ಅದು ಮನುಷ್ಯ ಮಾಡಿದ ಸ್ಥಾವರದಿಂದ ಬಂದದ್ದು. ಪ್ರಕೃತಿಯೇ ಹುಟ್ಟಿಸಿದ ನ್ಯೂಟ್ರಿನೊ ಇನ್ನೂ ಸಿಕ್ಕಿರಲಿಲ್ಲ.

ವಿಶ್ವಕಿರಣಗಳು ಹಗಲೂ ರಾತ್ರಿ ನಮ್ಮ ವಾತಾವರಣಕ್ಕೆ ಬಡಿಯುತ್ತಿವೆ. ಆ ಬಡಿತಕ್ಕೆ ಮ್ಯುವಾನ್ ಎಂಬ ಕಣಗಳೂ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಕೈ ಚಾಚಿ ನಿಂತರೆ ಅಂಗೈ ಮೇಲೆ ಸೆಕೆಂಡಿಗೆ ಒಂದಾದರೂ ಮ್ಯುವಾನ್ ಬೀಳುತ್ತದೆ. ಈ ಸುರಿಮಳೆಯಲ್ಲಿ ಎಲ್ಲೋ ಒಂದು ನ್ಯೂಟ್ರಿನೊ ಮಾಡುವ ಸದ್ದು ಕೇಳುವುದಾದರೂ ಹೇಗೆ? ಅದಕ್ಕೇ ಕಲ್ಲು ಬೇಕು. ಕಿಲೋಮೀಟರುಗಟ್ಟಲೆ ಬಂಡೆ ಮ್ಯುವಾನನ್ನು ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯಲಾರದು. ಬಂಡೆಯೇ ಜರಡಿ.

1951ರಲ್ಲಿ ಹೋಮಿ ಭಾಭಾ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಿಂದ ಬಿ.ವಿ. ಶ್ರೀಕಂಠನ್ ಅವರನ್ನು ಕೆ.ಜಿ.ಎಫ್.ಗೆ ಕಳಿಸಿದರು. ಎಷ್ಟು ಆಳಕ್ಕೆ ಎಷ್ಟು ಮ್ಯುವಾನ್ ಉಳಿಯುತ್ತದೆ ಎಂದು ಅಳೆಯುವ ಕೆಲಸ ಶುರುವಾಯಿತು. 1960ರ ದಶಕದ ಮೊದಲಿಗೆ ಇನ್ನೂ ಆಳಕ್ಕೆ, 2.7 ಕಿಲೋಮೀಟರಿಗೂ ಕೆಳಗೆ ಇಳಿದು ನೋಡಿದಾಗ ಯಂತ್ರ ಹೆಚ್ಚುಕಡಿಮೆ ಮೂಕವಾಯಿತು. ಆ ಮೌನವೇ ಬೇಕಾಗಿದ್ದದ್ದು. ಆಮೇಲೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳವರೂ ಸೇರಿ ಗಣಿಯೊಳಗೆ ಎದುರುಬದುರು ಗೋಡೆಗಳಂತೆ ಶೋಧಕಗಳನ್ನು ನಿಲ್ಲಿಸಿದರು. ಮೇಲಿನಿಂದ ನೆಟ್ಟಗೆ ಇಳಿದು ಬಂದದ್ದು ಹಳೆಯ ಮ್ಯುವಾನೇ ಇರಬಹುದು. ಅಡ್ಡಡ್ಡ ಬಂದದ್ದು ಮಾತ್ರ ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊ ತಾಗಿ ಅಲ್ಲೇ ಹುಟ್ಟಿದ್ದು. ಹಾಗೆ ಅಡ್ಡ ಬಂದವು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆ ಸಾಕಾಯಿತು. 1965ರ ಆಗಸ್ಟ್ 15ರಂದು ಪ್ರಬಂಧ ಅಚ್ಚಾಯಿತು. ಕರ್ತೃಗಳು ಮೂರು ದೇಶಗಳ ಹನ್ನೊಂದು ಮಂದಿ ವಿಜ್ಞಾನಿಗಳು.

ಇಲ್ಲಿಯವರೆಗೆ ತಲೆಯ ಕತೆಯಾಯಿತು. ಈಗ ಆ ಗುಂಡಿಯ ಕತೆಗೆ ಬನ್ನಿ.

ನ್ಯೂಟ್ರಿನೊ ಹಿಡಿಯಲಿಕ್ಕೆ ಅಂತ ಯಾರೂ ಎರಡು ಕಿಲೋಮೀಟರ್ ಗುಂಡಿ ತೋಡಲಿಲ್ಲ. ಗುಂಡಿ ಆಗಲೇ ಇತ್ತು. 1880ರಿಂದೀಚೆಗೆ ಜಾನ್ ಟೇಲರ್ ಕಂಪನಿಗೋಸ್ಕರ ಅದನ್ನು ತೋಡಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯ ಬರದ ಹಳ್ಳಿಗಳಿಂದ ಬಂದ ಅಸ್ಪೃಶ್ಯರು. ಊರಲ್ಲಿ ಬಾವಿ ಮುಟ್ಟಗೊಡದ ಜನಕ್ಕೆ ಇಲ್ಲಿ ಭೂಮಿಯ ಹೊಟ್ಟೆ ಬಗೆಯುವ ಕೆಲಸ ಸಿಕ್ಕಿತು. ಆಳದಲ್ಲಿ ಕಲ್ಲಿನ ಶಾಖ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದು ಜನ ಸಾಯುತ್ತಿದ್ದರು. ಕಲ್ಲಿನ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಆಗಿ, ಉಸಿರು ಸಾಲದೆ ಸತ್ತವರು ಇನ್ನೆಷ್ಟೋ ಜನ. ವಾಸಕ್ಕೆ ತಟ್ಟಿ ಗುಡಿಸಲು. ಇಷ್ಟಾದರೂ ಅನುಮಾನ ಅವರ ಮೇಲೆಯೇ. ಪೌಲಿ ಕಾಣೆಯಾದ ಶಕ್ತಿಯ ಲೆಕ್ಕ ಬರೆದ 1930ರಲ್ಲೇ ಇಲ್ಲಿ ಕೂಲಿಕಾರರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟರು. ಕಳ್ಳರ ಹಾಗೆ ಹೆಬ್ಬೆಟ್ಟು ಒತ್ತೋದಿಲ್ಲ ಅಂತ ಗಣಿಗಳೆಲ್ಲ ಕೆಲಸ ನಿಲ್ಲಿಸಿದವು. ಮೂರು ವಾರ ನಡೆದ ಮುಷ್ಕರ ಅದು.

ಸುಮಾರು 800 ಟನ್ ಚಿನ್ನ ಮೇಲೆ ಹೋಯಿತು. ಅದರ ಜೊತೆಗೆ ಒಂದು ಜ್ಞಾನವೂ ಮೇಲೆ ಹೋಯಿತು. ಎರಡರಲ್ಲೂ ತೋಡಿದವನ ಹೆಸರಿಲ್ಲ.

ಇದು ನಮ್ಮ ದೇಶದ ಕತೆ ಮಾತ್ರ ಅಂದುಕೊಳ್ಳಬೇಡಿ. ಅದೇ 1965ರಲ್ಲಿ ಅದೇ ಕಣವನ್ನು ಹುಡುಕುತ್ತಿದ್ದ ಇನ್ನೊಂದು ತಂಡ ರೈನ್ಸ್ ಅವರದು. ಅವರಿಗೆ ಮೊದಲ ಗುರುತು ಫೆಬ್ರವರಿಯಲ್ಲೇ ಸಿಕ್ಕಿತ್ತು, ಪ್ರಬಂಧ ಬಂದದ್ದು ಆಗಸ್ಟ್ 30ರಂದು. ಅವರು ಇಳಿದದ್ದೂ ಚಿನ್ನದ ಗಣಿಗೇ. ಎಲ್ಲಿಯ ಗಣಿ? ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಪಕ್ಕದ್ದು, ಮೂರು ಕಿಲೋಮೀಟರಿಗೂ ಮಿಕ್ಕಿ ಆಳ. ವರ್ಣಭೇದ ನೀತಿ ಉರಿಯುತ್ತಿದ್ದ ಕಾಲ ಅದು. ಪಾಸ್ ಪುಸ್ತಕ ಜೇಬಿನಲ್ಲಿಲ್ಲದಿದ್ದರೆ ಕಪ್ಪು ಮನುಷ್ಯನಿಗೆ ಜೈಲು. ಆ ಗಣಿಗಳನ್ನು ತೋಡಿದ್ದು ಆ ಕಪ್ಪು ಕೈಗಳು. ಆಕಾಶದ ನ್ಯೂಟ್ರಿನೊವನ್ನು ಮನುಷ್ಯಕುಲ ಮೊದಲು ಗುರುತಿಸಿದ್ದು ಲೋಕದಲ್ಲಿ ಎರಡೇ ಕಡೆ. ಒಂದು ದಲಿತರು ತೋಡಿದ ಗುಂಡಿ, ಇನ್ನೊಂದು ಕರಿಯರು ತೋಡಿದ ಗುಂಡಿ. ಇದು ಕಾಕತಾಳೀಯವಲ್ಲ. ಅಷ್ಟು ಆಳಕ್ಕೆ ಅಷ್ಟು ಅಗ್ಗವಾಗಿ ಮನುಷ್ಯರನ್ನು ಇಳಿಸಬೇಕಾದರೆ ಆ ಮನುಷ್ಯರ ಬೆಲೆಯನ್ನು ಮೊದಲೇ ಇಳಿಸಿರಬೇಕು.

ಹಾಗಾದರೆ ಭೌತವಿಜ್ಞಾನ ನಮಗೆ ಬೇಡ, ಅದು ಉಳ್ಳವರ ವಿದ್ಯೆ ಅನ್ನೋಣವೇ? ಹಾಗೆ ಹೇಳುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅದು ತಪ್ಪು. ಗಣಿಯ ಜನ ಹಾಗೆ ಯೋಚಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಅಯೋತಿದಾಸರ ಬೌದ್ಧ ಸಂಘದ ಶಾಖೆಗಳಿದ್ದವು. ದಿನವಿಡೀ ಕತ್ತಲಲ್ಲಿ ಬಂಡೆ ಒಡೆದ ಜನ ಜಾತಿ ಯಾಕೆ, ದೇವರು ಯಾಕೆ ಎಂದು ಕೇಳುವ ಚಳವಳಿ ಕಟ್ಟಿದರು. ಅದೇ ಚಳವಳಿಯಲ್ಲಿದ್ದ ಪಿ. ಲಕ್ಷ್ಮೀನರಸು ಮದರಾಸಿನ ಕಾಲೇಜಿನಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ ಪಾಠ ಹೇಳುತ್ತಿದ್ದವರು. ಬುದ್ಧನ ವಿಚಾರವನ್ನು ವಿವೇಕದ ಒರೆಗಲ್ಲಿಗೆ ಹಚ್ಚಿ 1907ರಲ್ಲಿ ಅವರು ಬರೆದ ಇಂಗ್ಲಿಷ್ ಪುಸ್ತಕವನ್ನು 1948ರಲ್ಲಿ ಬಾಬಾಸಾಹೇಬರು ತಾವೇ ಮುನ್ನುಡಿ ಬರೆದು ಮತ್ತೆ ಹೊರತಂದರು. ಅಂದರೆ ಚಾಂಪಿಯನ್ ರೀಫ್‌ಗೆ ಶೋಧಕ ಇಳಿಯುವ ಎಷ್ಟೋ ವರ್ಷ ಮೊದಲೇ ಅಲ್ಲಿ ಪ್ರಶ್ನೆ ಇಳಿದಿತ್ತು.

ಭೌತವಿಜ್ಞಾನದ ದೊಡ್ಡತನ ಇರುವುದು ಇಲ್ಲಿಯೇ. ಹೇಳಿದವನು ಯಾರು ಅಂತ ಅದು ಕೇಳುವುದಿಲ್ಲ. ತೋರಿಸು ಅನ್ನುತ್ತದೆ. ಪೌಲಿಯಂಥವನ ಮಾತಿಗೂ ಕಾಲು ಶತಮಾನ ಸಾಕ್ಷಿ ಕೇಳಿತು. ಹುಟ್ಟಿನಿಂದಲೇ ಒಬ್ಬನ ಮಾತು ಸತ್ಯ, ಇನ್ನೊಬ್ಬನ ಮಾತು ಮೈಲಿಗೆ ಅನ್ನುವ ವ್ಯವಸ್ಥೆಗೆ ಇದಕ್ಕಿಂತ ದೊಡ್ಡ ಏಟು ಯಾವುದಿದೆ? ಆ ಏಟನ್ನು ಕೊಡುವ ವಿದ್ಯೆಯನ್ನೇ ಅಗ್ರಹಾರದ ಪಾಲು ಮಾಡಿ ನಾವು ದೂರ ನಿಂತರೆ ನಷ್ಟ ನಮಗೇ.

ಕೆ.ಜಿ.ಎಫ್.ನಲ್ಲಿ 1980ರಿಂದ ಪ್ರೋಟಾನ್ ಸಾಯುತ್ತದೆಯೇ ಎಂದು ನೋಡುವ ಪ್ರಯೋಗ ನಡೆಯಿತು, 1990ರ ದಶಕದ ಮೊದಲಿಗೆ ಪ್ರಯೋಗಾಲಯ ಮುಚ್ಚಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ನಿಂತಿತು. ಆಕಾಶದ ಅದೇ ನ್ಯೂಟ್ರಿನೊಗಳನ್ನು ಜಪಾನಿನ ಇನ್ನೊಂದು ಹಳೆಯ ಗಣಿಯಲ್ಲಿ ನೋಡಿ, ಅವಕ್ಕೂ ತೂಕವಿದೆ ಎಂದು 1998ರಲ್ಲಿ ತೋರಿಸಿದ್ದಕ್ಕೆ 2015ರಲ್ಲಿ ನೊಬೆಲ್ ಬಂತು. ಕೆ.ಜಿ.ಎಫ್.ನಲ್ಲಿ ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡಗಳು, ನೀರು ತುಂಬಿದ ಶಾಫ್ಟುಗಳು, ಕೂಲಿಗೆ ಬೆಂಗಳೂರಿನ ರೈಲು ಹತ್ತುವ ಗಣಿಕಾರ್ಮಿಕರ ಮಕ್ಕಳು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮುಂದೆ ಎಂದಾದರೂ ಪರಮಾಣು ಪಾಠ ಮಾಡುವಾಗ ಈ ಗುಂಡಿಯ ಕತೆಯನ್ನೂ ಹೇಳಿ. ಪೌಲಿಯ ಹೆಸರು ಹೇಳಿ, ಶ್ರೀಕಂಠನ್ನರ ಹೆಸರು ಹೇಳಿ. ಆಮೇಲೆ ಆ ಗುಂಡಿ ಯಾರು ತೋಡಿದರು ಅಂತ ಮಕ್ಕಳನ್ನೇ ಕೇಳಿ. ಕೇರಿಯಿಂದ ಬಂದ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಉತ್ತರವನ್ನು ಅವಳ ಮುಖ ನೋಡಿ ಹೇಳಿ. ಇನ್ನೊಂದು ಮಾತು ಸೇರಿಸಿ: ನಿನ್ನ ಜನ ಗುಂಡಿ ತೋಡಿದ್ದಾಯಿತು, ಇನ್ನು ಅದರೊಳಗಿನ ಲೆಕ್ಕವನ್ನೂ ನೀನೇ ಮಾಡಬೇಕು ಅಂತ.